ಅತ್ತಿಗೆಯ ಕಾರು ಕುಡಿದ ನೀರು

ಕಾರಿನ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಸೋರುವುದೂ ಮನೆಯಲ್ಲಿ ಕಳ್ಳತನವಾಗುವುದೂ ಒಂದೇ. ಮೊದಲು ಹೊರಗಿನವರ ಮೇಲೇ ಅನುಮಾನ. ಹಾಲಿನವನು, ಪೇಪರಿನವನು, ಪಕ್ಕದ ಮನೆಯವನು ಎಲ್ಲರನ್ನೂ ಜಾಲಾಡಿ, ಎಲ್ಲರ ಹತ್ತಿರವೂ ಉಗಿಸಿಕೊಂಡ ಮೇಲೆ ಮನೆಯೊಳಗೆ ತಿರುಗಿ ನೋಡುತ್ತೇವೆ. ಬೋಲ್ಟು ಈ ಕಸುಬಿನಲ್ಲೇ ಅರ್ಧ ಆಯಸ್ಸು ಕಳೆದವನು, ಇಷ್ಟು ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಅತ್ತಿಗೆಯ ಕಾರಿನ ವಿಷಯದಲ್ಲಿ ತಿಂಗಳುಗಟ್ಟಲೆ ಪೆದ್ದನಾಗಿದ್ದ. ಯಾಕೆ ಅಂತ ಹೇಳುತ್ತೇನೆ.

ಬೋಲ್ಟು ಅನ್ನುವುದು ಅವನ ಅಣ್ಣ ಇಟ್ಟ ಹೆಸರು. ಚಿಕ್ಕವನಿದ್ದಾಗ ಕೈಗೆ ಸಿಕ್ಕ ಬೋಲ್ಟನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದನಂತೆ. ತಲೆ ಅರ್ಧ ನರೆತ ಗಂಡಸನ್ನು ಹಾಗೆ ಕರೆಯುವುದು ಚೆನ್ನಾಗಿರುವುದಿಲ್ಲ, ನಿಜ. ಆದರೆ ಗಿರಾಕಿಗಳೂ ಹಾಗೇ ಕರೆಯುತ್ತಾರೆ, ಹೆಂಡತಿಯೂ ಹಾಗೇ ಕರೆಯುತ್ತಾಳೆ, ನಾನೊಬ್ಬ ಮರ್ಯಾದೆ ಕೊಟ್ಟು ಏನಾಗಬೇಕು? ಅಣ್ಣ ಬೇಕರಿಯಲ್ಲಿ ಓವನ್ ಮುಂದೆ ನಿಂತು ಕೆಲಸ ಮಾಡುವವನು. ತಮ್ಮ ಗ್ಯಾರೇಜಿನ ಗುಂಡಿಯಲ್ಲಿ, ಕಾರುಗಳ ಹೊಟ್ಟೆಯ ಕೆಳಗೆ. ಒಬ್ಬ ಮನೆಗೆ ಬಂದರೆ ಸಕ್ಕರೆ ಪಾಕದ ವಾಸನೆ, ಇನ್ನೊಬ್ಬ ಬಂದರೆ ಡೀಸೆಲ್ ವಾಸನೆ. ಬಾಗಿಲು ಸದ್ದಾದರೆ ಸಾಕು, ಯಾರು ಬಂದರು ಅಂತ ಕಣ್ಣು ಮುಚ್ಚಿಕೊಂಡೇ ಹೇಳುತ್ತೇನೆ ಅನ್ನುತ್ತಿದ್ದಳು ಅವರಮ್ಮ.

ಆ ಅಣ್ಣ ಹೋದ ಚಳಿಗಾಲದಲ್ಲಿ, ಬೆಳಗಿನ ಹೊತ್ತು, ಟ್ರೇ ಹಿಡಿದುಕೊಂಡೇ ಕುಸಿದ. ಹೃದಯ ನಿಂತುಹೋಗಿತ್ತು. ಟ್ರೇಯಲ್ಲಿದ್ದ ಬನ್ನುಗಳು ಇನ್ನೂ ಬಿಸಿಯಾಗಿದ್ದವಂತೆ.

ಅದಾಗಿ ಕೆಲವು ವಾರಗಳ ಮೇಲೆ ಅತ್ತಿಗೆ ಒಂದು ಸಂಜೆ ಬೋಲ್ಟುವಿನ ಮನೆಗೆ ಬಂದಳು. ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ ಅಡುಗೆಮನೆ ಬಾಗಿಲಲ್ಲೇ ನಿಂತಳು.

"ಬೋಲ್ಟು, ನಗಬೇಡ ಕಣೋ. ನಿಮ್ಮಣ್ಣ ಕಾರಲ್ಲಿದ್ದಾರೆ."

ಬೋಲ್ಟು ನಗಲಿಲ್ಲ. ಅವನ ಹೆಂಡತಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ನಿಂತಳು.

"ವಾಸನೆ," ಅಂದಳು ಅತ್ತಿಗೆ. "ಕ್ಲಿನಿಕ್ ಮುಗಿಸಿ ಬಂದು ಬಾಗಿಲು ತೆಗೀತೀನಿ, ಅವರು ಕೆಲಸ ಬಿಟ್ಟು ಬಂದಾಗ ಇರ್ತಿತ್ತಲ್ಲ, ಅದೇ ಸಿಹಿ. ಸೀಟಿಗೇ ಅಂಟಿಕೊಂಡುಬಿಟ್ಟಿದೆ. ಕಿಟಕಿ ಗಾಜೆಲ್ಲ ಏರಿಸಿದ್ದೀನಿ. ಇನ್ನು ಇಳಿಸಲ್ಲ, ಯಾರು ಏನೇ ಅನ್ಕೊಳ್ಳಲಿ."

ಅತ್ತಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು ಬಂದವರನ್ನು ಸರದಿಯ ಮೇಲೆ ಒಳಗೆ ಕಳಿಸುವ ಕೆಲಸದಲ್ಲಿದ್ದಳು. ದಿನವಿಡೀ ಸ್ಪಿರಿಟ್ಟು, ಲವಂಗದೆಣ್ಣೆ, ಅಳುವ ಮಕ್ಕಳು. ಸಂಜೆ ಕಾರಿನ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳಂತೆ. ಕ್ಲಿನಿಕ್ಕಿಗೆ ಯಾರು ಬಂದರು, ಯಾರು ಕಿರುಚಿದರು, ಮನೆಯಲ್ಲಿ ಯಾವ ಬಲ್ಬು ಹೋಯಿತು, ಎಲ್ಲ ಹೇಳಿಕೊಳ್ಳುತ್ತಿದ್ದಳಂತೆ. ಇದನ್ನೆಲ್ಲ ಹೇಳುವಾಗ ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಇತ್ತು.

ಬೋಲ್ಟುವಿಗೆ ಹೊಟ್ಟೆ ಉರಿಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ, ಉರಿಯಿತು. ಅವನ ಪಾಲಿಗೆ ಅಣ್ಣನದು ಏನು ಉಳಿದಿತ್ತು? ಒಂದು ಸ್ವೆಟರು. ಅದನ್ನೂ ಅತ್ತಿಗೆ ಕೊಡುವ ಮೊದಲು ಒಗೆದು, ಮಡಿಚಿ ಕೊಟ್ಟಿದ್ದಳು. ಸೋಪಿನ ವಾಸನೆ ಹೊಡೆಯುವ ಸ್ವೆಟರ್ ಅಣ್ಣನದಾದರೇನು, ಅಂಗಡಿಯದಾದರೇನು. ತಮ್ಮ ಅನ್ನುವವನು ಅದನ್ನು ಮೂಗಿಗೆ ಒತ್ತಿಕೊಂಡು, ಸುಮ್ಮನೆ ಬೀರುವಿನಲ್ಲಿ ಇಟ್ಟಿದ್ದ.

"ಅತ್ತಿಗೆ, ಒಂದೇ ಒಂದು ನಿಮಿಷ ಒಳಗೆ ಕೂತು ಬರ್ತೀನಿ," ಅಂದ.

ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೇಡಪ್ಪ. ತಪ್ಪು ತಿಳ್ಕೋಬೇಡ. ನಿನ್ನ ಮೈಯೆಲ್ಲ ಗ್ರೀಸು. ನೀನು ಒಂದು ಸಲ ಕೂತೆ ಅಂದ್ರೆ ಆಮೇಲೆ ಕಾರೊಳಗೆ ನೀನೇ ಇರ್ತೀಯ, ಅವರಿರಲ್ಲ."

ಅವನು ಹೂಂ ಅಂದ. ಅತ್ತಿಗೆಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ಅವಳು ಮದುವೆಯಾಗಿ ಬಂದಾಗ ಇವನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವನು, ಇವನ ಲೆಕ್ಕದ ಹೋಮ್‌ವರ್ಕು ಮಾಡಿಕೊಟ್ಟವಳೂ ಅವಳೇ. ಆದರೆ ಆ ಆಸೆ ಇತ್ತಲ್ಲ, ಒಂದೇ ಒಂದು ಸಲ ಒಳಗೆ ಕೂತು ಅಣ್ಣನನ್ನು ಮೂಗಿನ ತುಂಬ ಎಳೆದುಕೊಳ್ಳಬೇಕು ಅನ್ನುವ ಆಸೆ, ಅದು ಅವತ್ತಿನಿಂದ ಹಲ್ಲಿನ ಸಂದಿನ ನಾರಿನ ಹಾಗೆ ಸಿಕ್ಕಿಕೊಂಡುಬಿಟ್ಟಿತು.

ಕಾರು ನೀರು ಕುಡಿಯಲು ಶುರುಮಾಡಿದ್ದೂ ಹೆಚ್ಚುಕಡಿಮೆ ಆಗಲೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಯಾರಿಗೂ ಬರಲಿಲ್ಲ. ನಿಮಗೆ ಬಂದಿದ್ದರೆ ನೀವು ದೊಡ್ಡವರು ಬಿಡಿ. ಸತ್ತಿದ್ದು ನಿಮ್ಮಣ್ಣನಲ್ಲ.

ಶುರುವಿನಲ್ಲಿ ಕೂಲೆಂಟ್ ಡಬ್ಬಿಯ ನೀರು ಗೆರೆಯಿಂದ ಒಂದು ಬೆರಳು ಕೆಳಗಿಳಿದಿತ್ತು. ಬೋಲ್ಟು ತುಂಬಿಸಿ ಕಳಿಸಿದ. ಕೆಲವು ದಿನ ಬಿಟ್ಟು ಬಂದರೆ ಮತ್ತೆ ಖಾಲಿ. ಅತ್ತಿಗೆ ತಾನೇ ಕಾರನ್ನು ಗುಂಡಿಯ ಮೇಲೆ ತಂದು ನಿಲ್ಲಿಸುತ್ತಿದ್ದಳು, ಬಾನೆಟ್ ಎಳೆದು ಕೊಡುತ್ತಿದ್ದಳು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಇವನು ಹೊರಗೆ ನಿಂತು ಆಕ್ಸಿಲರೇಟರ್ ಒತ್ತಿ ಅಂತ ಕಾಲು ಕುಣಿಸುವುದು, ಅವಳು ಗಾಜಿನ ಒಳಗಿಂದ ಏನು ಅಂತ ಕೈ ತಿರುಗಿಸುವುದು. ನೋಡಿದವರು ಇವರಿಬ್ಬರೂ ಮೂಗರ ನಾಟಕ ಆಡುತ್ತಿದ್ದಾರೆ ಅಂದುಕೊಳ್ಳಬೇಕು.

ಹುಡುಕದ ಜಾಗವಿಲ್ಲ. ಮೇಲಿನ ಹೋಸ್ ಪೈಪನ್ನು ಹಿಸುಕಿ ನೋಡಿದ, ಕೆಳಗಿನದನ್ನು ಬಗ್ಗಿಸಿ ನೋಡಿದ, ಬಿರುಕಿಲ್ಲ. ಕ್ಲಿಪ್ಪುಗಳನ್ನೆಲ್ಲ ಹೊಸದು ಹಾಕಿದ. ರೇಡಿಯೇಟರಿನ ಮುಚ್ಚಳ ಬದಲಾಯಿಸಿದ. ವಾಟರ್ ಪಂಪ್ ಸೋರಿದರೆ ಅದರ ಕೆಳಗಿನ ಸಣ್ಣ ತೂತಿನಲ್ಲಿ ಕಲೆ ಕಾಣಬೇಕು, ಕನ್ನಡಿ ಹಿಡಿದು ನೋಡಿದರೂ ಕಲೆಯಿಲ್ಲ. ಎಂಜಿನ್ ಆಯಿಲ್ಲಿಗೆ ನೀರು ಸೇರಿದರೆ ಅದು ಹಾಲು ಕಲಸಿದ ಕಾಫಿಯ ಬಣ್ಣಕ್ಕೆ ತಿರುಗಬೇಕು, ಹಾಗೂ ಆಗಿರಲಿಲ್ಲ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಡಿ ಅಂತ ಹೇಳಿ ಕಳಿಸಿದ. ಬೆಳಗ್ಗೆ ಅತ್ತಿಗೆ ಫೋನ್ ಮಾಡಿ, "ಒಂದು ತೊಟ್ಟೂ ಇಲ್ಲ ಕಣೋ, ರಟ್ಟಿನ ಮೇಲೆ ಪಕ್ಕದ ಮನೆ ಬೆಕ್ಕು ಮಲಗಿದೆ," ಅಂದಳು.

ಗ್ಯಾರೇಜಿನ ಮೂಲೆಯಲ್ಲಿ ಬ್ಯಾಟರಿ, ಲೈಟು, ವೈರಿಂಗ್ ಕೆಲಸ ಮಾಡುತ್ತಿದ್ದ ಮುದುಕನಿಗೆ ವೈರ್ ಮಾಮ ಅಂತ ಹೆಸರು. ಕೈಗಿಂತ ಬಾಯಿ ಹೆಚ್ಚು ಕೆಲಸ ಮಾಡುವ ಆಸಾಮಿ.

"ಲೋ ಬೋಲ್ಟು, ಆ ಕಾರಿಗೆ ಸಕ್ಕರೆ ಕಾಯಿಲೆ ಬಂದಿದೆಯೇನೋ, ಹೀಗೆ ಬಾಯಾರಿಕೆ ಆಗೋಕೆ?"

"ಸುಮ್ನಿರು ಮಾಮ, ಮೊದಲೇ ತಲೆ ಕೆಟ್ಟಿದೆ."

"ಒಳಗೆ ಕೂತು ನೋಡಿದ್ಯಾ?"

"ಅದಾಗಲ್ಲ."

"ಯಾಕೆ, ಒಳಗೆ ಹುಲಿ ಕಟ್ಟಿದ್ದಾರಾ?"

ಬೋಲ್ಟು ಬಾನೆಟ್ಟಿನ ಕಡೆ ತಿರುಗಿದ. ಇಷ್ಟು ತಿಂಗಳು ತಾನು ಮತ್ತೆ ಕೇಳಲು ಹೆದರಿದ್ದನ್ನು ಈ ಮುದುಕನಿಗೆ ಬಿಡಿಸಿ ಹೇಳುವುದು ಹೇಗೆ? ಹಸಿರು ಕೂಲೆಂಟಿನ ಕ್ಯಾನ್ ಎತ್ತಿ ಡಬ್ಬಿಗೆ ಗಂಟಲವರೆಗೆ ಸುರಿದ. ಗಾಜಿನ ಒಳಗಿಂದ ಅತ್ತಿಗೆ ಕೈಬೀಸಿ ಹೊರಟಳು.

ಮತ್ತೆ ಚಳಿಗಾಲ ಬಂತು. ಒಂದು ಬೆಳಗ್ಗೆ ಅತ್ತಿಗೆಯ ಕಾರು ಮುಂದಿನ ಒಂದು ದೀಪ ಒಡೆದುಕೊಂಡು, ಬುಸ್ ಅಂತ ಆವಿ ಬಿಡುತ್ತ ಗ್ಯಾರೇಜಿಗೆ ಬಂದು ನಿಂತಿತು. ಅತ್ತಿಗೆ ಇಳಿದವಳು ತಟ್ಟನೆ ಬಾಗಿಲು ಹಾಕಿದಳು. ಅಷ್ಟು ಗಾಬರಿಯಲ್ಲೂ ಬಾಗಿಲು ಹಾಕುವುದನ್ನು ಮರೆಯಲಿಲ್ಲ ನೋಡಿ.

"ಬಸ್ ಸ್ಟಾಪಿನ ಕಂಬಕ್ಕೆ ತಾಗಿಸಿಬಿಟ್ಟೆ. ಜನ ನಿಂತಿದ್ರು ಕಣೋ, ಸ್ವಲ್ಪದ್ರಲ್ಲಿ ತಪ್ಪಿತು. ಗಾಜೆಲ್ಲ ಮಂಜು. ಒರೆಸಿದಷ್ಟೂ ಜಿಡ್ಡು ಜಿಡ್ಡು, ಏನೂ ಕಾಣಲ್ಲ."

ಅಣ್ಣನನ್ನಂತೂ ಕಳೆದುಕೊಂಡಾಗಿತ್ತು, ಇವಳೂ ಹೋದರೆ? ಬೋಲ್ಟು ಅವಳನ್ನು ಕೂರಿಸಿ ನೀರು ಕೊಟ್ಟ. ಎಂಜಿನ್ ತಣ್ಣಗಾಗುವವರೆಗೆ ಕಾದ. ಆಮೇಲೆ ರೇಡಿಯೇಟರಿನ ಬಾಯಿಗೆ, ಮೀಟರ್ ಇರುವ ಕೈಪಂಪನ್ನು ಸಿಕ್ಕಿಸಿ ಗಾಳಿ ಒತ್ತಿದ. ಮುಳ್ಳು ಮೇಲೇರಿತು, ನಿಲ್ಲಲಿಲ್ಲ, ಮೆಲ್ಲಗೆ ಇಳಿಯತೊಡಗಿತು, ಎಲ್ಲೋ ಸೋರುತ್ತಿದೆ ಅಂತ ಅರ್ಥ. ಗುಂಡಿಗಿಳಿದು ಟಾರ್ಚ್ ಬಿಟ್ಟು ನೋಡಿದ. ಎಲ್ಲ ಕಡೆ ಒಣ ಒಣ. ಮುಳ್ಳು ಇಳಿಯುತ್ತಿದೆ, ಹೊರಗೆ ಹನಿಯಿಲ್ಲ, ಗಾಜಿನ ಒಳಮೈಯಲ್ಲಿ ಜಿಡ್ಡು.

ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತದೆ. ಚಳಿಯಲ್ಲಿ ಒಳಗೆ ಬಿಸಿ ಗಾಳಿ ಕೊಡುವ ಹೀಟರ್ ಅದು. ಎಂಜಿನ್ನಿನ ಬಿಸಿ ಕೂಲೆಂಟ್ ಅದರೊಳಗೂ ಹೋಗಿ ಬರುತ್ತದೆ. ಅದು ತೂತಾದರೆ ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಒಳಗಿನ ಕಾರ್ಪೆಟ್ ಕುಡಿಯುತ್ತದೆ, ಗಾಜಿನ ಮೇಲೆ ಜಿಡ್ಡು ಕೂರುತ್ತದೆ. ಇನ್ನೂ ಒಂದಾಗುತ್ತದೆ. ಅದನ್ನು ಬೋಲ್ಟು ಯೋಚಿಸಲಿಲ್ಲ. ಯೋಚನೆ ಹೊಸ್ತಿಲವರೆಗೆ ಬಂದಿತ್ತು, ಇವನೇ ಕದ ಹಾಕಿದ. ಹೀಟರ್ ಸೋರುತ್ತಿರಲಿ, ಅಣ್ಣನೂ ಇರಲಿ, ಎರಡೂ ಒಟ್ಟಿಗೆ ಇರಬಾರದು ಅಂತ ಯಾರಾದರೂ ಕಾನೂನು ಮಾಡಿದ್ದಾರಾ?

"ಅತ್ತಿಗೆ, ಇವತ್ತು ಒಳಗೆ ಕೂತು ನೋಡಲೇಬೇಕು. ಇಲ್ಲದಿದ್ರೆ ಈ ಕಾರನ್ನ ನಾನು ಆಚೆ ಬಿಡಲ್ಲ. ಬೇಕಾದ್ರೆ ಬೈಯಿರಿ."

"ಹೀಗೇನಾ?" ಅಂದಳು ಅತ್ತಿಗೆ, ಅವನ ಗ್ರೀಸಿನ ಅಂಗಿ ನೋಡುತ್ತ.

"ಸ್ನಾನ ಮಾಡಿ ಬರ್ತೀನಿ."

ಗ್ಯಾರೇಜಿನ ಹಿಂದಿನ ಬಾತ್‌ರೂಮಿನಲ್ಲಿ, ಹಲ್ಲು ಕಟಕಟಿಸುವ ತಣ್ಣೀರಿನಲ್ಲಿ, ಬಟ್ಟೆ ಸೋಪು ಹಾಕಿಕೊಂಡು ಮೈ ತಿಕ್ಕಿದ. ಪರಿಮಳದ ಸೋಪು ಬೇಡ ಅಂತ. ಉಗುರಿನ ಸಂದಿಯ ಕಪ್ಪನ್ನು ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ತೆಗೆದ, ಒಂದೆರಡು ಕಡೆ ರಕ್ತವೂ ಬಂತು. ಹೆಂಡತಿಗೆ ಫೋನ್ ಮಾಡಿ ಒಗೆದ ಅಂಗಿ ತರಿಸಿಕೊಂಡ. ವೈರ್ ಮಾಮ ಬಾಯಿ ಬಿಟ್ಟುಕೊಂಡು ನೋಡಿದ.

"ಏನೋ ಇದು, ಎರಡನೇ ಮದುವೆನಾ?"

ಬೋಲ್ಟುವಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಒಳಗಿನಿಂದ ಬಂದ ನಗು. ಊರಿಂದ ಬರುವ ಅಣ್ಣನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೊರಟವನ ಹಾಗಿತ್ತು ಅವನ ನಡಿಗೆ.

ಅತ್ತಿಗೆ ಅವನ ಕಾಲರ್ ಹತ್ತಿರ ಮೂಗು ತಂದು ನೋಡಿದಳು, ಅಂಗೈ ತಿರುಗಿಸಿ ಮೂಸಿದಳು. "ಹೂಂ, ಪರವಾಗಿಲ್ಲ," ಅಂದಳು. "ಜಾಸ್ತಿ ತೆಗೀಬೇಡ ಬಾಗಿಲು. ಬೇಗ ನುಗ್ಗು."

ಇಬ್ಬರೂ ನುಗ್ಗಿ ಬಾಗಿಲು ಹಾಕಿಕೊಂಡರು. ಅವಳು ಸ್ಟಿಯರಿಂಗ್ ಮುಂದೆ, ಇವನು ಪಕ್ಕದಲ್ಲಿ. ಬೋಲ್ಟು ಕಣ್ಣು ಮುಚ್ಚಿದ. ಅಣ್ಣಾ, ಬಂದೆ ಕಣೋ ಅಂತ ಮನಸ್ಸಿನಲ್ಲೇ ಅಂದುಕೊಂಡು ಉಸಿರು ಎಳೆದ.

ಕೂಲೆಂಟು.

ಇನ್ನೊಂದು ಸಲ ಎಳೆದ. ಹೆಡ್‌ರೆಸ್ಟಿಗೆ ಮೂಗು ಒತ್ತಿದ, ಸೀಟ್ ಬೆಲ್ಟ್ ಎಳೆದು ಮೂಸಿದ, ಹಿಂದೆ ಬಗ್ಗಿ ಹಿಂದಿನ ಸೀಟನ್ನೂ ಬಿಡಲಿಲ್ಲ. ಈ ಹಾಳು ಸಿಹಿಯ ಹಿಂದೆ ಎಲ್ಲಾದರೂ, ಒಂದು ಮೂಲೆಯಲ್ಲಾದರೂ, ಒಂದು ಚೂರು ಅಣ್ಣ ಅಡಗಿರಬಹುದು ಅಂತ ತಡಕಾಡಿದ. ಇಲ್ಲ. ದಿನಾ ಇದರಲ್ಲೇ ಕೈ ಅದ್ದುವವನಿಗೆ ಇನ್ನೇನು ಅನ್ನಿಸಲು ಸಾಧ್ಯ? ಬೇರೆ ಯಾರಿಗಾದರೂ ಸಕ್ಕರೆ ಪಾಕ ಅನ್ನಿಸುತ್ತಿತ್ತು, ಬೇಕರಿ ಅನ್ನಿಸುತ್ತಿತ್ತು, ಅಣ್ಣ ಅನ್ನಿಸುತ್ತಿತ್ತು. ಹಾಳಾದ್ದು, ಇಡೀ ಸಂಸಾರದಲ್ಲಿ ಈ ವಾಸನೆಗೆ ಮೋಸಹೋಗಲಾರದ ಮೂಗು ಅಂದರೆ ಅವನದೊಂದೇ.

"ಬಂತಾ?" ಅಂದಳು ಅತ್ತಿಗೆ. ಕಣ್ಣು ಹೊಳೆಯುತ್ತಿತ್ತು. "ಇವತ್ತು ಸ್ವಲ್ಪ ಜೋರಾಗೇ ಇದೆ. ಒಂದು ವಿಷ್ಯ ಹೇಳ್ಲಾ? ನಿನ್ನ ಹತ್ರ ಬಂದುಹೋದ ಮೇಲೆ ಕೆಲವು ದಿನ ಯಾವಾಗ್ಲೂ ಹೀಗೇ ಜೋರಿರುತ್ತೆ. ತಮ್ಮನ್ನ ನೋಡಿದ್ದಕ್ಕೆ ಖುಷಿಯಾಗಿದ್ದಾರೆ ಅಂದ್ಕೊಳ್ತೀನಿ ನಾನು."

ಪ್ರತಿ ಸಲ ಅವಳು ಬಂದಾಗ ಕ್ಯಾನ್ ಎತ್ತಿ ಗಂಟಲವರೆಗೆ ಸುರಿದು ಕಳಿಸುತ್ತಿದ್ದವನು ಬೋಲ್ಟುವೇ ತಾನೇ?

ಸುಳ್ಳು ಹೇಳಬಹುದಿತ್ತು. ಹೂಂ, ಅಣ್ಣನೇ ಅಂದು, ಹೀಟರಿಗೆ ನೀರೇ ಹೋಗದ ಹಾಗೆ ಅದರ ಎರಡು ಪೈಪನ್ನು ಸದ್ದಿಲ್ಲದೆ ಒಂದಕ್ಕೊಂದು ಸೇರಿಸಿ ಕಳಿಸಬಹುದಿತ್ತು. ವಾಸನೆ ಮೆಲ್ಲಗೆ ಕಮ್ಮಿಯಾಗುತ್ತಿತ್ತು. ಇವನನ್ನು ಒಳಗೆ ಬಿಟ್ಟಿದ್ದಕ್ಕೇ ಅವರು ಹೋದರು ಅಂತ ಅತ್ತಿಗೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹಾಗೇ ಬಿಡೋಣ ಅಂದರೆ, ಇವತ್ತು ಕಂಬ, ನಾಳೆ ಯಾವುದೋ ಮಗು. ಹೇಳಬಾರದು ಅಂತಲೇ ತೀರ್ಮಾನಿಸಿ ಬಾಯಿ ತೆರೆದ, ಬಂದದ್ದು ಬೇರೆ.

"ಅತ್ತಿಗೆ, ಇದು ಅಣ್ಣ ಅಲ್ಲ."

"ಏನು?"

"ಹೀಟರ್ ತೂತಾಗಿದೆ. ಇದು ಕೂಲೆಂಟಿನ ವಾಸನೆ. ಅದೂ ಸಿಹಿಯಾಗೇ ಇರುತ್ತೆ."

ಅತ್ತಿಗೆಯ ಮುಖ ಕೆಂಪಗಾಯಿತು. "ನಿಂಗೆ ಹೊಟ್ಟೆಕಿಚ್ಚು. ಅವತ್ತಿಂದಾನೇ ನೋಡ್ತಿದ್ದೀನಿ. ನನ್ನ ಹತ್ರ ಇರೋದು ನಿನ್ನ ಹತ್ರ ಇಲ್ಲ ಅಂತ ಹೊಟ್ಟೆಕಿಚ್ಚು."

"ಹೌದು, ಹೊಟ್ಟೆಕಿಚ್ಚೇ. ಇಲ್ಲ ಅಂದವರಾರು?" ಬೋಲ್ಟು ಬಗ್ಗಿ, ಕಾಲ ಕೆಳಗಿನ ಕಾರ್ಪೆಟ್ಟಿನ ಅಂಚು ಎತ್ತಿ ಕೈ ಒತ್ತಿದ. ಪಿಚಕ್ ಅಂತ ಸದ್ದಾಯಿತು. ಬೆರಳು ತೆಗೆದು ಅವಳ ಮುಂದೆ ಹಿಡಿದ. ಉಜ್ಜಿ ತೊಳೆದ ಬೆರಳ ಮೇಲೆ ಹಸಿರು ನೀರು. "ನೀವೇ ನೋಡಿ."

ಅವಳು ಬೇಡವೆಂಬಂತೆ ಮುಖ ತಿರುಗಿಸಿದಳು. ಆಮೇಲೆ ತಾನೇ ಅವನ ಮಣಿಕಟ್ಟು ಹಿಡಿದು, ಬೆರಳನ್ನು ಮೂಗಿನ ಹತ್ತಿರ ತಂದುಕೊಂಡಳು. ಬಿಡಲಿಲ್ಲ. ಮುಖದ ಕೆಂಪು ಇಳಿಯಿತು, ಗೆಲುವೂ ಇಳಿಯಿತು. ಇಳಿಯುವುದನ್ನು ಅವನು ಪಕ್ಕದಲ್ಲೇ ಕೂತು ನೋಡಬೇಕಾಯಿತು.

"ಹಾಗಾದ್ರೆ ನಾನು ಇಷ್ಟು ದಿನ ಯಾರ ಹತ್ರ ಮಾತಾಡ್ತಿದ್ದೆ ಬೋಲ್ಟು?"

ಉತ್ತರ ಹೇಳಲು ಹೋದ ಬೋಲ್ಟುವಿಗೆ ಅಳು ಒತ್ತರಿಸಿ ಬಂತು. ಅಣ್ಣ ಹೋದ ದಿನ ಎಲ್ಲರಿಗೂ ಓಡಾಡಿ ವ್ಯವಸ್ಥೆ ಮಾಡಿದವನು, ಅವತ್ತು ಅತ್ತಿರಲಿಲ್ಲ. ಈಗ ಚಿಕ್ಕ ಮಗುವಿನ ಹಾಗೆ ಬಿಕ್ಕಿದ.

"ನಿಮಗೆ ಇಷ್ಟು ದಿನ ಆದ್ರೂ ಅಣ್ಣ ಸಿಕ್ಕಿದ್ದ, ಅತ್ತಿಗೆ. ನಂಗೆ ಒಂದು ಉಸಿರಿಗೂ ಸಿಗಲಿಲ್ಲ. ಸ್ನಾನ ಮಾಡ್ಕೊಂಡು ಬಂದಿದ್ದೆ."

ಅತ್ತಿಗೆ ಅವನ ತಲೆಯ ಮೇಲೆ ಕೈಯಿಟ್ಟಳು. ಒದ್ದೆ ಕೂದಲು ಇನ್ನೂ ಆರಿರಲಿಲ್ಲ. ಹೊರಗೆ ವೈರ್ ಮಾಮ ಯಾವುದೋ ಹಾರನ್ ಪರೀಕ್ಷೆ ಮಾಡುತ್ತಿದ್ದ, ಅದು ಪೀಂ ಪೀಂ ಅಂತ ಕೂಗಿ ನಿಂತಿತು.

"ಅವರ ನಿಜವಾದ ವಾಸನೆ ಹೇಗಿತ್ತು, ಹೇಳು," ಅಂದಳು ಅತ್ತಿಗೆ.

"ಸಕ್ಕರೆ."

"ಸಕ್ಕರೆ ಇತ್ತು. ಬರೀ ಸಕ್ಕರೆ ಇರಲಿಲ್ಲ."

"ಹುಳಿ ಬಂದ ಹಿಟ್ಟು. ಬ್ರೆಡ್ಡಿನ ಹಿಟ್ಟು."

"ಅದು ಅಂಗೈಯಲ್ಲಿ. ಕುತ್ತಿಗೆ ಹತ್ರ ಬೇರೆ ಇತ್ತು. ಬೆವರು, ಆಮೇಲೆ ಏನೋ ಸುಟ್ಟಿದ್ದು."

"ಸುಟ್ಟಿದ್ದು ಅಲ್ಲ, ಹೊಗೆ."

"ನೀನು ಯಾವಾಗ ಕಣೋ ಅವರ ಕುತ್ತಿಗೆ ಮೂಸಿದ್ದು? ಸುಟ್ಟಿದ್ದೇ." ಅವಳು ಕಣ್ಣು ಮುಚ್ಚಿದಳು. ಹುಬ್ಬು ಗಂಟಾಯಿತು. ಒಮ್ಮೆಲೇ ಕಣ್ಣು ತೆರೆದು ಅವನ ತೋಳು ಹಿಡಿದುಕೊಂಡಳು. "ಬರ್ತಿಲ್ಲ ಬೋಲ್ಟು. ಮಾತಲ್ಲಿ ಬರುತ್ತೆ, ಮೂಗಿಗೆ ಬರ್ತಿಲ್ಲ. ಎಷ್ಟು ಮಾಡಿದ್ರೂ ಇದೇ ಬರುತ್ತೆ, ಈ ನಿನ್ನ ಹಸಿರು ನೀರು."

ಬೋಲ್ಟುವೂ ಪ್ರಯತ್ನಿಸಿದ. ಅವನಿಗೂ ಬರಲಿಲ್ಲ.

"ತೆಗಿ ಇದನ್ನ," ಅಂದಳು ಅವಳು. "ಇದು ಇರೋವರೆಗೂ ಅವರು ಬರಲ್ಲ."

"ತೆಗೆದ್ರೂ ಬರ್ತಾನೆ ಅಂತ ಹೇಳಕ್ಕಾಗಲ್ಲ ಅತ್ತಿಗೆ."

"ಗೊತ್ತು. ನಾನೇನು ಚಿಕ್ಕ ಮಗುನಾ? ತೆಗಿ ಅಂದ್ನಲ್ಲ."

ಬೋಲ್ಟು ಇಳಿದು, ಒಗೆದ ಅಂಗಿಯ ತೋಳು ಮಡಿಚಿದ. ಬೇರೆ ಅಂಗಿ ಹಾಕಿಕೊಳ್ಳುವ ಯೋಚನೆಯೂ ಬರಲಿಲ್ಲ. ಎಂಜಿನ್ನಿನ ಹಿಂಬದಿಯಲ್ಲಿ ಹೀಟರಿಗೆ ಹೋಗುವ ಎರಡು ಪೈಪುಗಳಿದ್ದವು. ಅವುಗಳ ಕೆಳಗೆ ಟ್ರೇ ಇಟ್ಟ. ಕ್ಲಿಪ್ಪು ಸಡಿಲಿಸಿದ. ಪೈಪ್ ಹಿಡಿದು ತಿರುಚಿ ಎಳೆಯಬೇಕು, ಅಷ್ಟೇ ಕೆಲಸ, ಸಾವಿರ ಸಲ ಮಾಡಿದ ಕೆಲಸ. ಕೈ ಏಳಲಿಲ್ಲ. ಅತ್ತಿಗೆ ಪಕ್ಕಕ್ಕೆ ಬಂದು ನಿಂತು, "ಎಳಿ," ಅಂದಳು. ಎಳೆದ.

ಹಸಿರು ನೀರು ಬುಳಬುಳನೆ ಟ್ರೇಗೆ ಬಿತ್ತು. ಕಾರಿನೊಳಗೆ ಇದ್ದದ್ದು ಏನೂ ಅಲ್ಲ, ಈಗ ಇಡೀ ಗ್ಯಾರೇಜಿನಲ್ಲಿ ಆ ಸಿಹಿ ಗಮ್ಮೆಂದು ಎದ್ದಿತು. ಬೋಲ್ಟು ಟ್ರೇಯನ್ನು ಆಚೆ ಇಡಲು ಎತ್ತಿದ.

"ಇರು," ಅಂದಳು ಅತ್ತಿಗೆ.

ಟ್ರೇಯ ಮೇಲೆ ಬಗ್ಗಿದಳು. "ಅವರಲ್ಲ, ಗೊತ್ತು," ಅಂದಳು, "ಆದ್ರೂ ಒಂದು ಸಲ." ಕಣ್ಣು ಮುಚ್ಚಿ, ಎದೆ ತುಂಬ, ನಿಧಾನವಾಗಿ ಉಸಿರು ಎಳೆದುಕೊಂಡಳು. ಬಿಡಲು ಮನಸ್ಸಿಲ್ಲದವಳ ಹಾಗೆ ಒಳಗೇ ಹಿಡಿದಿಟ್ಟುಕೊಂಡಳು.

ಬೋಲ್ಟು ಸುತ್ತ ನೋಡಿದ. ವೈರ್ ಮಾಮನ ಬೆನ್ನು ಈ ಕಡೆಗಿತ್ತು. ಅವನೂ ಅತ್ತಿಗೆಯ ಪಕ್ಕದಲ್ಲಿ ಟ್ರೇಯ ಮೇಲೆ ಬಗ್ಗಿದ, ಅದು ಏನು ಅಂತ ಆ ಗ್ಯಾರೇಜಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು, ಮೂಗಿನ ತುಂಬ ಎಳೆದುಕೊಂಡು, "ಅಣ್ಣಾ," ಅಂದ.